ಹುರಿ ಹೊಸೆದವನು

ಮಲೋಂಬೆಯ ಮಗಳು ಕಸೀವಾಳನ್ನು ಆರನೆಯ ತರಗತಿಯ ಮಕ್ಕಳೆಲ್ಲ ‘ಅಪ್ಪನ ಕೈ’ ಎಂದು ಕರೆಯತೊಡಗಿದ್ದು ಒಂದು ಮುಕ್ಕಾಲಿಯ ದೆಸೆಯಿಂದ.

ಹೊಸ ಪಾಠಕ್ರಮ ಬಂದ ಮೇಲೆ ನಮ್ಮೂರು ವಮೂನ್ಯುವಿನಲ್ಲಿ ಶಾಲೆಯ ಭಾರ ಮಕ್ಕಳ ಬೆನ್ನಿನಿಂದ ಅರ್ಧ ಇಳಿದು ಹೆತ್ತವರ ಹೆಗಲೇರಿದೆ. ಇಂದು ಬೆದರುಬೊಂಬೆ, ನಾಳೆ ಹಳೆಯ ಟಯರಿನ ಚಪ್ಪಲಿ, ನಾಡಿದ್ದು ಬಾಳೆನಾರಿನ ಚೆಂಡು. ಮಗು ಮಾಡಬೇಕು, ಹೆತ್ತವರು ನೆರವಾಗಬೇಕು, ಟೀಚರ್ ನಾಲ್ಕಕ್ಕೆ ಇಷ್ಟೆಂದು ಅಂಕವಿಡಬೇಕು. ವರ್ಷದ ಎರಡನೆಯ ಅವಧಿಯಲ್ಲಿ ಕೇಳಿದ್ದು ಮರದ ಆಸನ. ಮಲೋಂಬೆಯೋ, ನಮ್ಮ ಕೆತ್ತನೆಯ ಸಂಘದಲ್ಲಿ ಬಾಚಿ ಹಿಡಿದವರೊಳಗೆ ಮೊದಲ ಸಾಲಿನವನು. ಅವನ ಜಿಂಕೆಗಳ ಕಿವಿಗಳು ಗಾಳಿಯನ್ನು ಆಲಿಸುವಂತಿರುತ್ತವೆ. ಮಗಳಿಗೆ ಬಾಚಿಯನ್ನು ಕೊಟ್ಟು ಎರಡು ಪೆಟ್ಟು ಹಾಕಿಸಿದನು. ಮೂರನೆಯ ಪೆಟ್ಟು ವಾರೆಯಾಯಿತು. ‘ಇತ್ತ ತಾ, ನೋಡಿ ಕಲಿ’ ಎಂದು ಕಸಿದುಕೊಂಡವನು ಮುಕ್ಕಾಲಿಯನ್ನು ಪೂರ್ತಿ ಮುಗಿಸಿಯೇ ಕೆಳಗಿಟ್ಟನು. ಕಸೀವಾ ಮಾಡಿದ್ದು ಎಣ್ಣೆ ಸವರಿದ್ದು ಮಾತ್ರ.

ಶಾಲೆಯಲ್ಲಿ ಕನೀನಿ ಟೀಚರ್ ಆ ಮುಕ್ಕಾಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದನ್ನ ಯಾರಮ್ಮ ಕೆತ್ತಿದ್ದು?”

“ನಾನೇ ಟೀಚರ್.”

“ಎಲ್ಲಿ, ಅಂಗೈ ತೋರ್ಸು.”

ಅಂಗೈ ಹಸುಗೂಸಿನದರಂತೆ ಮೃದುವಾಗಿತ್ತು. ಟೀಚರ್ ನಾಲ್ಕಕ್ಕೆ ಒಂದನ್ನು ಇಟ್ಟು, ಪಕ್ಕದಲ್ಲಿ ‘ಇದು ಮಗುವಿನ ಕೆಲಸವಲ್ಲ’ ಎಂದು ಬರೆದರು. ಮಗು ಕಳೆದುಕೊಂಡದ್ದು ಮೂರು ಅಂಕಗಳನ್ನಲ್ಲ. ಅಂದಿನಿಂದ ಅವಳು ಬಾಯಿಪಾಠ ಒಪ್ಪಿಸಿದರೂ ಲೆಕ್ಕ ಬಿಡಿಸಿದರೂ ಹಿಂದಿನ ಬೆಂಚಿನಿಂದ ‘ಅಪ್ಪ ಹೇಳಿಕೊಟ್ರಾ?’ ಎಂಬ ಪಿಸುಮಾತು ಕೇಳಿಬರುತ್ತಿತ್ತು.

ಮಲೋಂಬೆಗೆ ಇದು ಅರ್ಥವಾಗಲಿಲ್ಲ. ಸಂಘದ ಚಪ್ಪರದಡಿ ನನ್ನ ಪಕ್ಕದಲ್ಲಿ ಕುಳಿತು ಬಾಚಿ ಬೀಸುತ್ತಲೇ ಕುದಿಯುತ್ತಿದ್ದನು: “ನಾಲ್ಕಕ್ಕೆ ಒಂದಂತೆ! ನನ್ನ ಮುಕ್ಕಾಲಿಗೆ! ಆ ಟೀಚರಮ್ಮನಿಗೆ ಕಣ್ಣಿದೆಯಾ ಹಿರಿಯರೇ?”

ಎದುರಿಗೆ ಜಿರಾಫೆಯ ಕತ್ತನ್ನು ಉಜ್ಜುತ್ತಿದ್ದ ಕಿತೋಮೆ ತಲೆಯೆತ್ತದೆ ಕೇಳಿದನು: “ಅಲ್ಲ ಮಾರಾಯ, ಮಗಳಿಗೆ ಒಂದು ಬಂತು ಅಂತ ಅಳ್ತಿದೀಯೋ, ನಿನಗೆ ಒಂದು ಬಂತು ಅಂತ ಅಳ್ತಿದೀಯೋ?”

 ಮಲೋಂಬೆ ಬಾಚಿಯನ್ನು ಇನ್ನೂ ಜೋರಾಗಿ ಬೀಸತೊಡಗಿದನು.

ಮೂರನೆಯ ಅವಧಿಗೆ ಟೀಚರ್ ಕೇಳಿದ್ದು ಕಿಯೊಂಡೊ. ನಮ್ಮ ಹೆಂಗಸರು ಕತ್ತಾಳೆ ನಾರಿನ ಹುರಿಯಿಂದ ಹೆಣೆಯುವ ದುಂಡು ಚೀಲ. ಒಂದು ಗೇಣು ಎತ್ತರವಿರಬೇಕು; ಹುರಿ ಅಂಗಡಿಯದಾಗಿರದೆ ಮನೆಯಲ್ಲೇ ಹೊಸೆದದ್ದಾಗಿರಬೇಕು, ಅದನ್ನು ಹೆತ್ತವರು ಹೊಸೆದರೂ ಸರಿ; ಕೊನೆಯ ದಿನ ಹೆತ್ತವರ ಸಮಕ್ಷಮದಲ್ಲಿ ಪ್ರತಿ ಮಗುವೂ ಒಂದು ಸಾಲನ್ನು ಹೆಣೆದು ತೋರಿಸಬೇಕು. ಕಸೀವಾಳನ್ನು ಮಾತ್ರ ಪ್ರತ್ಯೇಕವಾಗಿ ಕರೆದು ಹೇಳಿದರಂತೆ: “ಈ ವರ್ಷ ಮುಗಿದ ಮೇಲೆ ನೀನು ಮೇಲಿನ ಶಾಲೆಗೆ ಹೋಗ್ತೀಯ. ಅಲ್ಲಿಗೆ ನಿನ್ನ ಬಗ್ಗೆ ನಾನು ಬರೆದು ಕಳಿಸ್ಬೇಕು. ಈ ಹುಡುಗಿ ಹೇಳಿದ್ದು ನಂಬಬಹುದು ಅಂತ ಬರೆಯೋ ಆಸೆ ನನಗಿದೆ. ಬರೆಯೋ ಹಾಗೆ ಮಾಡು.”

ಆ ಸಂಜೆ ಕಸೀವಾ ಮನೆಗೆ ಬಂದವಳು ಚೀಲವನ್ನು ಇಳಿಸುವ ಮೊದಲೇ ಅಪ್ಪನೆದುರು ನಿಂತಳು.

“ಅಪ್ಪಾ, ಈ ಸಲ ನೀನು ಮುಟ್ಟಬಾರದು.”

“ಮುಟ್ಟಲ್ಲ ಅವ್ವ.”

ನಮ್ಮಲ್ಲಿ ಹಿರಿಯ ಮಗಳಿಗೆ ತಂದೆಯ ತಾಯಿಯ ಹೆಸರನ್ನಿಡುವುದು ಪದ್ಧತಿ. ಆದ್ದರಿಂದ ಮಲೋಂಬೆ ಮಗಳನ್ನು ಅವ್ವ ಎಂದೇ ಕರೆಯುತ್ತಾನೆ. ಹೆಸರು ಕೊಟ್ಟ ಆ ಅಜ್ಜಿಯೂ ಅದೇ ಮನೆಯಲ್ಲಿದ್ದಾಳೆ. ಕಸೀವಾಳ ತಾಯಿ ಕಿಟುಯಿ ಪಟ್ಟಣದ ವಸತಿ ಶಾಲೆಯೊಂದರಲ್ಲಿ ಅಡುಗೆಯವಳು, ರಜೆ ಬಂದಾಗಲೇ ಮನೆ. ಹೀಗಾಗಿ ಮಲೋಂಬೆ ಇಬ್ಬರು ತಾಯಂದಿರ ಆಳ್ವಿಕೆಯಲ್ಲಿ ದಿನ ಕಳೆಯುವವನು. ಕೊಟ್ಟ ಮಾತಿಗೆ ತಪ್ಪಿದರೆ ಎರಡು ನ್ಯಾಯಾಸನಗಳ ಮುಂದೆ ಉತ್ತರಿಸಬೇಕು.

ಅಜ್ಜಿಯ ಬೆರಳುಗಳ ಗಿಣ್ಣುಗಳು ಊದಿ ಶುಂಠಿಯ ಗಡ್ಡೆಗಳಂತಾಗಿದ್ದವು, ಹುರಿಯನ್ನು ಹಿಡಿಯಲಾರಳು. ಕೈಗಳು ಸೋಲುವ ಮೊದಲು ತಾನು ಹೊಸೆದಿಟ್ಟುಕೊಂಡಿದ್ದ ಹುರಿಯ ಉಂಡೆಗಳನ್ನು ಪೆಟ್ಟಿಗೆಯಿಂದ ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿದಳು. ಅಂದಿನಿಂದ ಮೂರು ವಾರ ಕೈ ಮೊಮ್ಮಗಳದು, ಬಾಯಿ ಅಜ್ಜಿಯದು.

“ನನ್ನ ಹೆಸರಿನವಳೇ, ಬಿಗಿ! ಇನ್ನೂ ಬಿಗಿ! ಹುರಿ ನಿನ್ನ ಮಾತು ಕೇಳ್ಬೇಕು, ಹುರಿ ಮಾತು ನೀನು ಕೇಳೋದಲ್ಲ.”

“ಬೆರಳು ಉರೀತಿದೆ ಅಜ್ಜಿ.”

“ಉರೀಲಿ. ಬೆರಳಿಗೆ ಬುದ್ಧಿ ಬರೋದೇ ಹಾಗೆ. ತಲೆಗೆ ಬರೋದಕ್ಕಿಂತ ಬೇಗ ಬರುತ್ತೆ.”

ತಳದಲ್ಲಿ ಹುರಿಗಳನ್ನು ಅಡ್ಡಡ್ಡ ಇಟ್ಟು ಕಟ್ಟುವುದು. ಅವು ಸೂರ್ಯನ ಕಿರಣಗಳಂತೆ ಹೊರಚಾಚಿ ನಿಲ್ಲುತ್ತವೆ. ಜೋಡಿ ಹುರಿಯೊಂದು ಅವನ್ನು ಒಂದೊಂದಾಗಿ ಅಪ್ಪಿಕೊಳ್ಳುತ್ತ ಸುತ್ತು ಸುತ್ತಾಗಿ ಮೇಲೇರುತ್ತದೆ. ಸುತ್ತುವ ಹುರಿ ಮುಗಿದಲ್ಲಿ ಹೊಸದನ್ನು ಸೇರಿಸುವಾಗ ಹಳೆಯದರ ತುದಿ, ಹೊಸದರ ತುದಿ ಎರಡನ್ನೂ ಬೆರಳುದ್ದ ಒಳಗೆ ಬಿಡಬೇಕು. ಅಂಚು ಕಟ್ಟಿ ಮುಗಿಯುವತನಕ ಆ ಬಾಲಗಳ ಗೊಡವೆಗೆ ಹೋಗಬಾರದು. ಚೀಲವನ್ನು ಹಿಡಿದಿಡುವ ಶಕ್ತಿ ಇರುವುದು ಆ ಕುರೂಪದಲ್ಲೇ. ಹೆಣಿಗೆ ಬಲ್ಲ ಹೆಂಗಸರೆಲ್ಲರಿಗೂ ಇದು ತಿಳಿದಿದೆ. ತಿಳಿಯದಿದ್ದುದು ಮಲೋಂಬೆಗೆ. ತಾಯಿ ಹೆಣೆಯುವುದನ್ನು ಬಾಲ್ಯವಿಡೀ ನೋಡಿದ್ದರೂ ಅವನು ನೋಡಿದ್ದು ಹೊರಮೈಯನ್ನು ಮಾತ್ರ.

ಚೀಲ ಬೆಳೆಯಿತು. ಒಂದು ಪಕ್ಕ ಉಬ್ಬಿ ಒಂದು ಪಕ್ಕ ಸೊರಗಿ, ತಲೆನೋವಿನ ಮನುಷ್ಯನಂತೆ ಎಡಕ್ಕೆ ವಾಲಿ ಕುಳಿತುಕೊಳ್ಳುತ್ತಿತ್ತು. ಮಲೋಂಬೆ ಅದರ ಎದುರಿಗೆ ಕುಳಿತು ಉಣ್ಣಲಾರದೆ ತಟ್ಟೆಯನ್ನು ಹಿಡಿದು ಅಂಗಳಕ್ಕೆ ಹೋಗುತ್ತಿದ್ದನು. ಆದರೂ ಮುಟ್ಟಲಿಲ್ಲ. ಈ ಸಂಯಮ ಅವನಿಗೆ ಉಪವಾಸಕ್ಕಿಂತ ಕಠಿನವಾಗಿತ್ತು ಎಂಬುದನ್ನು ಪಕ್ಕದಲ್ಲಿ ಕೆಲಸ ಮಾಡುವ ನಾನು ಬಲ್ಲೆ. ಆ ದಿನಗಳಲ್ಲಿ ಅವನು ಮಾಡಿದ ಜಿಂಕೆಗಳ ಹೊಟ್ಟೆಗಳೆಲ್ಲ ಅತಿಯಾಗಿ ಕೆತ್ತಿ ಬಡಕಲಾಗಿದ್ದವು.

ಒಪ್ಪಿಸುವುದು ಸೋಮವಾರ. ಹಿಂದಿನ ಬುಧವಾರ ಮಧ್ಯಾಹ್ನ ಸಂಘಕ್ಕೆ ಬೇವಿನ ದಿಮ್ಮಿಗಳು ಬಾರದೆ ಮಲೋಂಬೆ ಬೇಗ ಮನೆಗೆ ಹೋದನು. ಅಜ್ಜಿ ನೆರೆಮನೆಗೆ ಹೋಗಿದ್ದಳು. ಚೀಲ ಮೂಲೆಯಲ್ಲಿತ್ತು. ಒಳಗೆ ಇಣುಕಿ ನೋಡಿದವನಿಗೆ ಮೈ ಜುಮ್ಮೆಂದಿತು: ಮುಳ್ಳುಹಂದಿಯ ಬೆನ್ನಿನಂತೆ ಎಲ್ಲೆಂದರಲ್ಲಿ ನಿಗುರಿದ ಬಾಲಗಳು!

ಕೆತ್ತನೆಯೆಂಬುದು ಕಳೆಯುವ ವಿದ್ಯೆ. ಹೊರಗೆ ಚಾಚಿದ್ದೆಲ್ಲ ಹೆಚ್ಚುವರಿ, ಹೆಚ್ಚುವರಿಯೆಲ್ಲ ಕತ್ತಿಗೆ ಎಂಬುದು ನಮ್ಮ ಚಪ್ಪರದ ಮೊದಲ ಪಾಠ. ಅಷ್ಟೇ ಅಲ್ಲ, ನಮ್ಮಲ್ಲಿ ಕೆತ್ತಿದವನೇ ಕರ್ತೃ. ಸಿಬಿರು ತೆಗೆದು ನಯಮಾಡುವವನು ಯಾರೇ ಆಗಿರಲಿ, ಅವನು ಆ ವಸ್ತುವನ್ನು ‘ಮುಟ್ಟಿದ’ ಎಂದು ಯಾರೂ ಎಣಿಸುವುದಿಲ್ಲ. ಈ ಎರಡು ಸೂತ್ರಗಳನ್ನು ಜೋಡಿಸಿ ಮಲೋಂಬೆ ತನಗೊಂದು ಧರ್ಮಶಾಸ್ತ್ರವನ್ನು ರಚಿಸಿಕೊಂಡನು. ವಾಲಿದ ಸಾಲನ್ನು ನೇರಮಾಡಲಿಲ್ಲ, ಸಡಿಲವಾದುದನ್ನು ಬಿಗಿಮಾಡಲಿಲ್ಲ. ಚೀಲವನ್ನು ಒಳಹೊರಗು ಮಗುಚಿ, ಸಣ್ಣ ಕತ್ತಿಯನ್ನು ಕಲ್ಲಿಗೆ ಮಸೆದು, ಬಾಲಗಳನ್ನೆಲ್ಲ ಬುಡಸಮ ಹೆರೆದು, ಮರಳುಕಾಗದದಿಂದ ಉಜ್ಜಿ, ಮೊದಲಿದ್ದಂತೆಯೇ ಇಟ್ಟನು. ಮಾತಿಗೂ ಭಂಗವಿಲ್ಲ, ಮಗಳಿಗೂ ಉಪಕಾರ ಎಂದು ತೃಪ್ತಿಯಿಂದ ಚಹಾಕ್ಕೆ ನೀರಿಟ್ಟನು.

ಕಸೀವಾ ಬಂದು ಚೀಲವನ್ನು ತೊಡೆಗಳ ನಡುವೆ ಇಟ್ಟುಕೊಂಡು ಹೊಸ ಸಾಲಿಗೆಂದು ಹುರಿಯನ್ನು ಎಳೆದಳು. ಹುರಿ ಬಂತು, ಬರುತ್ತಲೇ ಇತ್ತು. ಇನ್ನೊಂದು ಕಡೆ ಹಿಡಿದಳು; ಅಲ್ಲಿಯೂ ಸಾಲು ನೀರಿನಂತೆ ಜಾರಿತು. ಒಳಗೆ ಕೈಯಾಡಿಸಿದಳು. ನುಣುಪು.

“ಅಪ್ಪಾ.”

“ಏನವ್ವ?”

“ಬಾಲ ಎಲ್ಲಿ?”

“ಯಾವ ಬಾಲ? ಆ ಸಿಬಿರಾ? ಸ್ವಲ್ಪ ಚೊಕ್ಕ ಮಾಡಿದೆ. ನಾನು ಮುಟ್ಟಿಲ್ಲ, ಬರೀ ಚೊಕ್ಕ…”

ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದಿದ್ದಳು. ಚೀಲವನ್ನು ಮುಖದ ಹತ್ತಿರ ಹಿಡಿದು ನೋಡಿ, ನೆಲಕ್ಕಿಟ್ಟಳು.

“ಎಲಾ ಇವನ! ಜಿಂಕೆ ಅಂದ್ಕೊಂಡ್ಯೇನೋ ಇದನ್ನ? ಕರುಳು ಹೊರಗೆ ಬಂದಿದೆ ಅಂತ ಕತ್ತರಿಸಿ ಬಿಸಾಕೋ ವೈದ್ಯನ್ನ ನಾನು ಹೆತ್ತೆನಲ್ಲ!”

“ಅವ್ವಾ, ನನಗೆ ಗೊತ್ತಿರ್ಲಿಲ್ಲ…”

“ಗೊತ್ತಿಲ್ಲದಿದ್ರೆ ಕೇಳ್ಬೇಕು. ಬಾಯಿ ಬಾಡಿಗೆಗೆ ಕೊಟ್ಟಿದ್ಯಾ?”

ಕತ್ತಿಯ ಅಲಗು ತಳದಿಂದ ಎದ್ದು ನಿಂತ ಹುರಿಗಳಿಗೂ ಅಲ್ಲಲ್ಲಿ ತಾಗಿತ್ತು. ವಾರಗಟ್ಟಲೆ ಹೆಣಿಗೆಯಲ್ಲಿದ್ದು ಬಿಚ್ಚಿದ ಹುರಿಯೂ ಹಾವಿನಂತೆ ಸುರುಳಿಗೊಂಡು ಮತ್ತೆ ಕೆಲಸಕ್ಕೆ ಬಾರದು. ಮಲೋಂಬೆಯ ಮುಖ ಕಪ್ಪಿಟ್ಟಿತು. “ನಾಳೆ ಮಚಾಕೋಸ್‌ಗೆ ಹೋಗ್ತೀನಿ. ಅಲ್ಲಿ ಸಂತೇಲಿ ಅರ್ಧ ಹೆಣೆದಿರೋ ಚೀಲಾನೇ ಸಿಗುತ್ತೆ. ಯಾರಿಗೂ ಗೊತ್ತಾಗಲ್ಲ. ಮಿಕ್ಕಿದ್ದು ನೀನು…”

“ಬೇಡ.”

ಕಸೀವಾ ಅಳಲಿಲ್ಲ. ಅಳುವುದಕ್ಕೆ ಬೇಕಾದ ಬಿಡುವು ತನಗಿಲ್ಲವೆಂದು ಲೆಕ್ಕ ಹಾಕಿದವಳಂತೆ, ಅಡುಗೆಮನೆಯ ತೊಲೆಗೆ ತೂಗುಹಾಕಿದ್ದ ಕತ್ತಾಳೆ ನಾರಿನ ಕಂತೆಯನ್ನು ಇಳಿಸಿ ತಂದಳು.

“ಅಜ್ಜಿ, ಬುಧ, ಗುರು, ಶುಕ್ರ, ಶನಿ. ಆಗುತ್ತಾ?”

“ಭಾನುವಾರ?”

“ಭಾನುವಾರ ದೇವರದ್ದು. ನೀನೇ ಬಿಡಲ್ವಲ್ಲ.”

ಅಜ್ಜಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. “ನೀನೇ ಹೊಸೆದು ನೀನೇ ಹೆಣೆಯೋದಾದ್ರೆ ಆಗಲ್ಲ. ಹೆಣೆಯೋಕೆ ಎರಡು ಕೈ, ಹೊಸೆಯೋಕೆ ಇನ್ನೆರಡು ಕೈ ಬೇಕು. ನನ್ನವು ಸತ್ತಿವೆ.”

ಕಸೀವಾ ಅಪ್ಪನ ಕಡೆ ತಿರುಗಿದಳು. “ಹುರಿ ಹೆತ್ತವರು ಹೊಸೆಯಬಹುದು ಅಂತ ಟೀಚರೇ ಹೇಳಿದಾರೆ. ಅಪ್ಪ, ನೀನು ಹೊಸೆ. ಚೀಲದ ಹತ್ರ ಬರಬೇಡ.”

ಹುರಿ ಹೊಸೆಯುವುದು ಬರಿಯ ತೊಡೆಯ ಮೇಲೆ; ಅದು ಹೆಂಗಸರ ತೊಡೆಯ ಕೆಲಸ. ಗಂಡಸೊಬ್ಬನು ಪ್ಯಾಂಟನ್ನು ತೊಡೆಯವರೆಗೆ ಏರಿಸಿಕೊಂಡು ಅಂಗಳದಲ್ಲಿ ಕುಳಿತದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಮಲೋಂಬೆ ಪ್ಯಾಂಟನ್ನು ಸುತ್ತಿ ಸುತ್ತಿ ಮೇಲೇರಿಸಿ, ನಾರಿನ ಎರಡು ಎಳೆಗಳನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಉರುಳಿಸಿದನು. ಮರುಗಳಿಗೆಯೇ “ಅಯ್ಯೋ!” ಎಂದು ಎದ್ದುನಿಂತನು. ನಾರಿನ ಜೊತೆಗೆ ತೊಡೆಯ ಕೂದಲುಗಳೂ ಹೊಸೆದುಕೊಂಡು ಬುಡಸಹಿತ ಕಿತ್ತುಬಂದಿದ್ದವು.

ಅಜ್ಜಿ ನಗೆಯನ್ನು ತಡೆಯಲಾರದೆ ಬಾಯಿಗೆ ಅಂಗೈಯನ್ನು ಒತ್ತಿದಳು. “ಕಾಡು ಕಡೀದೆ ಹೊಲ ಉಳೋಕೆ ಹೊರಟಿದಾನೆ. ಹೋಗೋ, ಬೋಳಿಸ್ಕೊಂಡು ಬಾ!”

ಬೋಳಿಸಿಕೊಂಡು ಬಂದನು.

ಮರುದಿನ ಬೆಳಿಗ್ಗೆ ಸಂಘಕ್ಕೆ ಬಾರದೆ ಅಂಗಳದ ಮಾವಿನ ಕೆಳಗೆ ಕುಳಿತಿದ್ದವನನ್ನು ನೋಡಲು ನಾನೂ ಕಿತೋಮೆಯೂ ಹೋದೆವು. ನಾರು ಜಾರದಿರಲೆಂದು ಬೂದಿ ಸವರಿದ ಬೋಳು ತೊಡೆ ದೂರದಿಂದಲೇ ಬೆಳ್ಳಗೆ ಕಾಣುತ್ತಿತ್ತು. ಕಿತೋಮೆ ಬೇಲಿಯಾಚೆಯಿಂದಲೇ ಕೂಗಿದನು:

“ಮಲೋಂಬೆ ಅಕ್ಕಾ! ನಮ್ಮನೆಯವಳಿಗೂ ಒಂದು ಚೀಲಕ್ಕಾಗೋಷ್ಟು ಹುರಿ ಬೇಕಂತೆ!”

“ಕಳಿಸು. ಕಲಿಸಿ ಕೊಡ್ತೀನಿ,” ಎಂದನು ಮಲೋಂಬೆ, ಕೈ ನಿಲ್ಲಿಸದೆ. “ನೀನೂ ಬಾ. ನಿನ್ನ ತೊಡೆ ಬೋಳಿಸೋಕೆ ಮಾತ್ರ ಎರಡು ದಿನ ಬೇಕು.”

ನೀರಿಗೆ ಹೋಗುತ್ತಿದ್ದ ಹೆಂಗಸರು ಕೊಡಗಳನ್ನು ಇಳಿಸಿಯೇ ನಕ್ಕರು. ಅವರಲ್ಲೊಬ್ಬಳು, “ಎಡಗೈಲಿ ಎಳೆ ಬೇರೆ ಬೇರೆ ಹಿಡ್ಕೋ ಅಣ್ಣ, ಇಲ್ಲಾಂದ್ರೆ ಅದು ಹುರಿಯಲ್ಲ, ಹಗ್ಗ” ಎಂದು ಹೇಳಿಯೂ ಹೋದಳು. ಅವನು ಅವಳು ಹೇಳಿದಂತೆ ಹಿಡಿದನು.

ಸಂಜೆ ಕಸೀವಾ ಶಾಲೆಯಿಂದ ಬಂದು ಉಂಡೆಯನ್ನು ಪರೀಕ್ಷಿಸಿದಳು. ಬೆರಳುಗಳ ನಡುವೆ ಹುರಿಯನ್ನು ಹಾಯಿಸುತ್ತ ಹೋಗಿ ಒಂದೆಡೆ ನಿಲ್ಲಿಸಿದಳು.

“ಇಲ್ಲಿ ದಪ್ಪ. ಇಲ್ಲಿಂದ ಇಲ್ಲಿತನಕ ಬಿಚ್ಚು.”

“ಅದು ಕಾಣೋದೇ ಇಲ್ಲವ್ವ.”

“ಬೆರಳಿಗೆ ಕಾಣುತ್ತೆ.”

ಹದಿನೆಂಟು ವರ್ಷಗಳಿಂದ ಯಾವ ವ್ಯಾಪಾರಿಯೂ ತಿರಸ್ಕರಿಸದ ಕೈಯ ಕೆಲಸವನ್ನು ಹನ್ನೊಂದು ವರ್ಷದ ಮಗು ತಿರಸ್ಕರಿಸಿತು. ಮಲೋಂಬೆ ಬಿಚ್ಚಿದನು. ಶುಕ್ರವಾರ ಎರಡು ಸಲ ಬಿಚ್ಚಿದನು. ಶನಿವಾರ ತೊಡೆಯ ಚರ್ಮ ಕೆಂಪಾಗಿ ನೀರಾಡುತ್ತಿದ್ದರೂ ಎಡತೊಡೆಯಿಂದ ಬಲತೊಡೆಗೆ ಕೆಲಸವನ್ನು ಬದಲಿಸಿಕೊಂಡನೇ ಹೊರತು ಏಳಲಿಲ್ಲ. ಆ ದಿನ ಕಸೀವಾ ಒಂದು ಸಲವೂ ‘ಬಿಚ್ಚು’ ಎನ್ನಲಿಲ್ಲ. ಅವಳು ಅವನಿಗೆ ಬೆನ್ನು ಹಾಕಿ ಕುಳಿತಿದ್ದಳು. ಅವನಿಂದ ಹುರಿಯ ಉಂಡೆ ಅವಳೆಡೆಗೆ ಉರುಳುವುದು, ಅವಳಿಂದ ‘ಇನ್ನಷ್ಟು’ ಎಂಬ ಒಂದು ಶಬ್ದ ಹಿಂದಿರುಗುವುದು: ಅವರಿಬ್ಬರ ಆ ದಿನಗಳ ಸಂಭಾಷಣೆ ಇಷ್ಟೇ. ಭಾನುವಾರ ಮೂವರೂ ಪ್ರಾರ್ಥನೆಗೆ ಬಂದರು. ಮಲೋಂಬೆ ಮೊಣಕಾಲೂರುವಾಗ ತೊಡೆಯನ್ನು ಹಿಡಿದುಕೊಂಡದ್ದನ್ನು ಕಂಡು ನಾನು ಕಣ್ಣು ಮುಚ್ಚಿದೆ. ಆ ಬೆಳಿಗ್ಗೆ ನಾನು ಬೇಡಿಕೊಂಡದ್ದು ಅವರಿಗಾಗಿಯೇ.

ಸೋಮವಾರ ಚೀಲ ಮುಗಿದಿರಲಿಲ್ಲ. ಎರಡು ಸಾಲು, ಅಂಚು ಬಾಕಿ. ಹಾಗೆಯೇ ತೆಗೆದುಕೊಂಡು ಹೊರಟಳು.

ಪಾಲಕರ ಸಮಿತಿಯವನಾದ್ದರಿಂದ ನಾನೂ ತರಗತಿಯಲ್ಲಿದ್ದೆ. ಒಂದೊಂದು ಬೆಂಚಿನಲ್ಲಿ ಮಗು, ಅದರ ಪಕ್ಕದಲ್ಲಿ ತಾಯಿ. ಕಸೀವಾಳ ಪಕ್ಕದಲ್ಲಿ ಮಾತ್ರ ಮಲೋಂಬೆ, ನಾರಿನ ಕಂತೆಯನ್ನು ಮಡಿಲಲ್ಲಿಟ್ಟುಕೊಂಡು. ಕನೀನಿ ಟೀಚರ್ ಅವರ ಎದುರಿಗೆ ಬಂದು ನಿಂತರು.

“ಮುಗಿದಿಲ್ವಲ್ಲ ಕಸೀವಾ.”

“ಇಲ್ಲಿ ಮುಗಿಸ್ತೀನಿ ಟೀಚರ್.”

ಹೆಣೆಯತೊಡಗಿದಳು. ಅರ್ಧ ಸಾಲಾಗುವಷ್ಟರಲ್ಲಿ ಹುರಿ ಸಾಲದೆಂದು ತಿಳಿಯಿತು. ಅವಳು “ಇನ್ನಷ್ಟು” ಎಂದಳು. ಮಲೋಂಬೆ ನಲವತ್ತು ಮಕ್ಕಳು, ಅವರ ತಾಯಂದಿರ ಎದುರಿಗೆ ಪ್ಯಾಂಟನ್ನು ಸುತ್ತಿ ಮೇಲೇರಿಸಿದನು. ತರಗತಿ ಘೊಳ್ಳೆಂದಿತು. ಯಾವಳೋ ಒಬ್ಬಳು, “ನೋಡ್ರೇ, ನಮ್ಮದಕ್ಕಿಂತ ನುಣ್ಣಗಿದೆ!” ಎಂದಳು. ಅವನು ಹೊಸೆದನು. ನಗು ತಾನಾಗಿ ಸವೆದು ನಿಂತಿತು. ಯಾಕೆಂದರೆ ಹುರಿ ಚೆನ್ನಾಗಿತ್ತು, ಅದನ್ನು ಕಾಣುವ ಕಣ್ಣು ಅಲ್ಲಿದ್ದ ತಾಯಂದಿರೆಲ್ಲರಿಗೂ ಇತ್ತು.

ಕೊನೆಯ ಸಾಲಿನಲ್ಲಿ ಕಸೀವಾಳ ಬೆರಳು ಒಂದು ನಿಂತ ಹುರಿಯನ್ನು ಬಿಟ್ಟು ಮುಂದಿನದನ್ನು ಹಿಡಿಯಿತು. ಮಲೋಂಬೆ ಅದನ್ನು ಕಂಡನು. ಅವನ ಬಲಗೈ ಮಡಿಲಿನಿಂದ ಮೇಲೆದ್ದಿತು. ಅಲ್ಲಿಯೇ ತಡೆದು, ಅದನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕುಳಿತನು. ಅವಳು ಹತ್ತು ಹುರಿ ಮುಂದೆ ಹೋದಳು, ಹದಿನೈದು. ಅವನ ಹಣೆಯಲ್ಲಿ ಬೆವರು ಮೂಡಿತು. ಇಪ್ಪತ್ತನೆಯದರಲ್ಲಿ ಅವಳ ಬೆರಳು ತಾನಾಗಿ ನಿಂತಿತು. ಹಿಂದಕ್ಕೆ ತಡವಿ ಹೋಗಿ ಬಿಟ್ಟುಹೋದ ಹುರಿಯನ್ನು ಮುಟ್ಟಿತು.

ಅವಳು ತಲೆಯೆತ್ತಿ ಗಡಿಯಾರವನ್ನು ನೋಡಿದಳು. ಆಮೇಲೆ ಇಪ್ಪತ್ತನ್ನೂ ಬಿಚ್ಚಿದಳು.

ಟೀಚರ್ ಬೇರೆ ಬೆಂಚಿನ ಕಡೆ ಹೊರಟವರು ಅಲ್ಲಿಯೇ ನಿಂತರು. ಅವಳು ಮತ್ತೆ ಹೆಣೆದು, ಅಂಚನ್ನು ಕಟ್ಟಿ, ಕಟ್ಟಿದ್ದು ಬಿಗಿಯಾಗಿದೆಯೆಂದು ಖಚಿತವಾದ ಮೇಲೆ, ಒಳಗಿನ ಬಾಲಗಳನ್ನು ಒಂದೊಂದಾಗಿ ತಾನೇ ಕತ್ತರಿಸುವತನಕ ನಿಂತೇ ಇದ್ದರು. ಆಮೇಲೆ ಚೀಲವನ್ನು ಎತ್ತಿ ಒಳಹೊರಗು ನೋಡಿ, ಹಾಳೆಯಲ್ಲಿ ಮೂರು ಎಂದು ಬರೆದರು.

“ಮೂರಾ?” ಎಂದು ಮಲೋಂಬೆಯ ಬಾಯಿಯಿಂದ ಜಾರಿತು.

“ಅಂಚು ಒಂದು ಕಡೆ ಮೇಲೆ ಬಂದಿದೆ ಅಪ್ಪಾ, ಸುಮ್ನಿರು,” ಎಂದಳು ಕಸೀವಾ. “ಮೂರೇ ಸರಿ.”

ಟೀಚರ್ ಹಾಳೆಯ ಕೆಳಗಿನ ಸಾಲಿಗೆ ಬೆರಳಿಟ್ಟರು. “ಇಲ್ಲಿ ಪಾಲಕರು ಮಾಡಿದ ಕೆಲಸ ಬರೀಬೇಕು. ನೀವೇನು ಮಾಡಿದ್ರಿ?”

“ಹುರಿ ಹೊಸೆದೆ.”

“ಬೇರೆ?”

“ಬೇರೇನೂ ಇಲ್ಲ ಟೀಚರ್.”

“ಇದೆ,” ಎಂದಳು ಕಸೀವಾ. ತರಗತಿಯ ಪಿಸುಮಾತು ನಿಂತಿತು. “ಇದಕ್ಕೆ ಮುಂಚೆ ಒಂದು ಚೀಲ ಹೆಣೆದಿದ್ದೆ. ಅಪ್ಪ ಅದರ ಬಾಲ ಕತ್ತರಿಸಿದ್ರು, ಅದು ಹಾಳಾಯ್ತು. ಇದು ಎರಡನೇದು. ನಾಲ್ಕು ದಿನದ್ದು. ಇದನ್ನ ಅವರು ಮುಟ್ಟಿಲ್ಲ.”

ಮಲೋಂಬೆ ತಲೆ ತಗ್ಗಿಸಿದನು, ಆದರೆ ಅಲ್ಲವೆನ್ನಲಿಲ್ಲ. ಕನೀನಿ ಟೀಚರ್ ಅವನ ಕಡೆಗೆ ತಿರುಗಿ ಹೌದೇ ಎಂದು ಕೇಳಲಿಲ್ಲ, ಮಗುವಿಗೂ ಎರಡನೆಯ ಪ್ರಶ್ನೆ ಹಾಕಲಿಲ್ಲ. ಕಸೀವಾ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಅದರ ಕೆಳಗೆ ಮಲೋಂಬೆಯ ರುಜು ಹಾಕಿಸಿ, ಮುಂದಿನ ಬೆಂಚಿಗೆ ಹೋದರು.